ಮೂಲೆಯ ಕುಂಡದ ಹಳದಿ ಹೂವು

ಅಕ್ಕಾ, ನನ್ನ ಪಾಲಿನ ಮಹಾರಾಣಿಯೇ,

ಕೇಳಿಸುತ್ತಿದೆಯೇ? ನಾಟಕದ ಟೆಂಟಿನ ಕೊನೆಯ ಬೆಂಚಿಗೂ ಮುಟ್ಟುವ ಗಂಟಲು ನನ್ನದು. ನೀನು ಈಗ ಕೂತಿರುವ ಬೆಂಚಿಗೆ ಮಾತ್ರ ಮುಟ್ಟುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ನಾಟಕ ಕಂಪನಿಯಲ್ಲಿ ಉದ್ಯಾನವನದ ಪರದೆ ಇಳಿದಾಗ, ಅದರ ಮೇಲಿನ ಕೆಂಪು ಹೂವನ್ನು ನೀನು ಮುಟ್ಟಿ ನೋಡಿದ್ದು ನೆನಪಿದೆಯೇ? ಬೆರಳಿಗೆ ಬಣ್ಣ ಹತ್ತಿತ್ತು. "ಥೂ, ಸುಳ್ಳು ಹೂವು!" ಎಂದು ಲಂಗಕ್ಕೆ ಒರೆಸಿಕೊಂಡವಳು ನೀನು. ಆ ಸಿಟ್ಟಿಗೇ ಅಲ್ಲವೇ, ಭದ್ರಾವತಿಯ ನಿನ್ನ ಕ್ವಾರ್ಟರ್ಸಿನ ಹಿತ್ತಲಲ್ಲಿ ಡೇ ಲಿಲಿಗಳ ಸಾಮ್ರಾಜ್ಯವನ್ನೇ ಕಟ್ಟಿದ್ದು? ಬೆಳಗ್ಗೆ ಅರಳಿ ಸಂಜೆಗೆ ಮುದುಡುವ ಹೂವು. "ಇದಕ್ಕೆ ಒಂದೇ ಶೋ ಕಣೋ. ನಿನ್ ಥರ ಒನ್ಸ್ ಮೋರ್‌ಗೆ ಕಾಯಲ್ಲ!" ಎನ್ನುತ್ತಿದ್ದೆಯಲ್ಲ.

ನನ್ನ ಬಣ್ಣದ ಪೆಟ್ಟಿಗೆಯಿಂದ ಸಣ್ಣ ಬ್ರಷ್ ಎಗರಿಸಿ, ಒಂದು ಹೂವಿನ ಪರಾಗವನ್ನು ನೀನು ಇನ್ನೊಂದಕ್ಕೆ ಮುಟ್ಟಿಸುವಾಗ ನಾನು ಬಾಯಿ ತೆರೆಯುವಂತಿರಲಿಲ್ಲ. "ದೂರ ನಿಂತ್ಕೊಳೋ ಮಾರಾಯ! ನೀನು ಕೂಗೋ ರಭಸಕ್ಕೆ ಪರಾಗ ಎಲ್ಲ ಹಾರ್ಹೋಗುತ್ತೆ!" ಗುರುತಿಗೆ ತೊಟ್ಟಿಗೊಂದು ಕೆಂಪು ದಾರ. ನಿನಗೆ ಬೇಕಿದ್ದದ್ದು ನನ್ನ ರಾಜಪಾರ್ಟಿನ ಮಖಮಲ್ ಅಂಗಿಯ ಕಡುಗೆಂಪು. ಬೀಜ ಮೊಳೆತು ಹೂ ಬಿಡಲು ವರ್ಷಗಳೇ ಬೇಕು. ಬಂದ ಬಣ್ಣ ಸಾಧಾರಣವಾದರೆ ನಿನ್ನಲ್ಲಿ ದಯೆಯಿಲ್ಲ, ಬುಡಸಹಿತ ಗೊಬ್ಬರದ ಗುಂಡಿಗೆ.

ಕೊನೆಗೆ ಹಾಸಿಗೆಯಿಂದಲೇ ಕೇಳಿದೆಯಲ್ಲ, "ಆ ಮೂಲೆ ಕುಂಡದ್ದು ಇನ್ನೂ ಮುಖ ತೋರ್ಸಿಲ್ಲ ಕಣೋ. ನೋಡ್ದೇ ಹೋಗ್ತೀನಾ?" ಎಷ್ಟೊಂದು ಸಾವಿನ ದೃಶ್ಯಗಳಲ್ಲಿ ಪುಟಗಟ್ಟಲೆ ಗರ್ಜಿಸಿದವನು ನಾನು! ಆವತ್ತು ಒಂದು ಸಾಲಾದರೂ...

ನಿನ್ನ ಕುಂಡಗಳನ್ನೆಲ್ಲ ಟೆಂಪೋದಲ್ಲಿ ನವುಲೆಯ ನಮ್ಮ ಮನೆಗೆ ತಂದೆ. ಮೂಲೆಯ ಕುಂಡ ಮಾತ್ರ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ. ಈ ಬೇಸಿಗೆಯಲ್ಲಿ ಮೊಗ್ಗು ಬಂತು, ಅರಳಿತು. ಅಯ್ಯೋ ಅಕ್ಕಾ, ಹಳದಿ! ಯಾರ ಕಾಂಪೌಂಡಿನಲ್ಲಾದರೂ ಸಿಗುವ ಬರೀ ಹಳದಿ!

"ಅಕ್ಕ ಇದ್ದಿದ್ರೆ ಈಗ್ಲೇ ಕಿತ್ ಹಾಕೋರು, ಅಲ್ವಾ?" ಎಂದಳು ನನ್ನ ಹೆಂಡತಿ ಗಿರಿಜೆ. ಗುದ್ದಲಿ ಹಿಡಿದೆ. ನಿನ್ನದೇ ನಿಯಮವಲ್ಲವೇ? ಆದರೆ ನಿನ್ನ ಕೈಯಿಂದ ಹುಟ್ಟಿದ್ದರಲ್ಲಿ ನಾನು ನೋಡಲು ಉಳಿದಿದ್ದ ಕೊನೆಯ ಹೂವು ಇದು. ಹೇಗೆ ಕೀಳಲಿ? ಗುದ್ದಲಿ ಕೆಳಗಿಟ್ಟು ಅದರ ಎದುರೇ ಕೂತೆ. ಸಂಜೆ ಎಸಳು ಮುದುಡತೊಡಗಿದಾಗ ತಡೆಯಲಾಗಲಿಲ್ಲ. "ಒನ್ಸ್ ಮೋರ್!" ಎಂದು ಕೂಗಿಬಿಟ್ಟೆ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ನಾನು ಅಳುತ್ತಿದ್ದೆ.

ಮರುದಿನ ಅದೇ ದಂಟಿನಲ್ಲಿ ಇನ್ನೊಂದು ಮೊಗ್ಗು ಬಿರಿದಿತ್ತು. ಬ್ರಷ್ ತೆಗೆದುಕೊಂಡೆ. ನಿನ್ನ ಕಡುಗೆಂಪಿಗೆ ಅಷ್ಟಿಷ್ಟು ಹತ್ತಿರ ಬಂದಿದ್ದ ಹಳೆಯ ಗಿಡದ ಪರಾಗವನ್ನು, ಉಸಿರು ಬಿಗಿಹಿಡಿದು, ಈ ಹಳದಿಗೆ ಮುಟ್ಟಿಸಿದೆ. ಕೆಂಪು ದಾರ ಕಟ್ಟಿದೆ.

ಕಾಯಿ ಕಚ್ಚಿದೆ, ಅಕ್ಕಾ.

ಅದರ ಬೀಜದಿಂದ ಯಾವ ಬಣ್ಣ ಬರುತ್ತದೋ, ನೋಡಲು ನಾನಿರುತ್ತೇನೋ... "ಏನ್ರೀ, ಗಂಟಲು ಕಟ್ಟಿದ್ಯಾ? ಯಾಕಿಷ್ಟು ಮೆಲ್ಲಗೆ ಮಾತಾಡ್ತೀರಿ?" ಎಂದು ಗಿರಿಜೆ ದಿನವೂ ಕೇಳುತ್ತಾಳೆ.

ಹಿತ್ತಲ ಬಾಗಿಲು ತೆರೆದಿದೆ, ಕಾಯಿ ಇನ್ನೂ ಎಳೆಯದು ಎಂದಷ್ಟೇ ಹೇಳುತ್ತೇನೆ.

ನಿನ್ನ ತಮ್ಮ