ತಿರುಪಿನ ಮೇಲಿದ್ದ ಬೆರಳು

ಅಕ್ಕಾ,

ನನ್ನ ಅಕ್ಷರದ ಗುರುತು ಸಿಕ್ಕ ಕೂಡಲೇ ಹರಿದು ಹಾಕಬೇಡ. ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ.

ಆಯ್ಕೆ ಪಂದ್ಯದ ಬೆಳಿಗ್ಗೆ ಶೂಟಿಂಗ್ ಕ್ಲಬ್ಬಿನ ಬಂದೂಕು ಕೋಣೆಯಲ್ಲಿ ನೀನೊಬ್ಬಳೇ ಇದ್ದೆ. ನಿನ್ನ ಬೆರಳು ನನ್ನ ರೈಫಲ್ಲಿನ ದುರ್ಬೀನಿನಲ್ಲಿ ಗುರಿ ಸರಿಹೊಂದಿಸುವ ತಿರುಪಿನ ಮೇಲಿತ್ತು. ನನ್ನನ್ನು ಕಂಡು ಕೈ ತೆಗೆದೆ. "ಇದ್ಯಾಕೋ ಸಡಿಲ ಅನ್ನಿಸ್ತಿದೆ ಕಣೇ. ಎರಡು ಗುಂಡು ಹೊಡೆದು ನೋಡ್ಕೊಂಡು ಪಂದ್ಯಕ್ಕೆ ಇಳಿ" ಅಂದೆ. ಹಿಂದಿನ ವರ್ಷವಷ್ಟೇ ನಿನ್ನನ್ನು ತಂಡದಿಂದ ಕೈಬಿಟ್ಟು ಬಂದೂಕು ರಿಪೇರಿಯ ಕೆಲಸಕ್ಕೆ ಹಾಕಿದ್ದರು. ಹೊಟ್ಟೆಕಿಚ್ಚಿಗೆ ನನ್ನ ಧೈರ್ಯ ಕೆಡಿಸುತ್ತಿದ್ದೀಯ ಅಂದುಕೊಂಡೆ. ತಿರುಪು ಸೊನ್ನೆಯಲ್ಲೇ ಇತ್ತು. ಆದರೂ ಅನುಮಾನ ಹೋಗಲಿಲ್ಲ. ಪರೀಕ್ಷೆಯ ಗುಂಡು ಹೊಡೆಯದೆಯೇ ಪಂದ್ಯಕ್ಕೆ ಇಳಿದೆ.

ಗಾಳಿಗೆ ಮೊದಲ ಗುಂಡು ಎಡಕ್ಕೆ ಬಿತ್ತು. ಬಲಕ್ಕೆ ನಾಲ್ಕು ಟಿಕ್ ತಿರುಗಿಸಿದೆ. ನೂರು ಮೀಟರಿಗೆ ಟಿಕ್ಕೊಂದಕ್ಕೆ ಗುಂಡು ಏಳು ಮಿಲಿಮೀಟರ್ ಸರಿಯಬೇಕು, ಮುಂದಿನ ಗುಂಡು ಒಂದಿಷ್ಟೂ ಸರಿಯಲಿಲ್ಲ. ಇನ್ನೂ ನಾಲ್ಕು ತಿರುಗಿಸಿದೆ. ಈ ಸಲ ಎಂಟೂ ಟಿಕ್ ಒಟ್ಟಿಗೆ ಹಾರಿ ಗುಂಡು ಬಲಕ್ಕೆ ಹೋಯಿತು. ತಿರುಪು ಕೈಕೊಟ್ಟರೆ ಅದನ್ನು ಮುಟ್ಟದೆ, ದುರ್ಬೀನಿನೊಳಗೆ ಕಾಣುವ ಅಡ್ಡಗೆರೆಯ ಸಣ್ಣ ಗುರುತು ಹಿಡಿದು ಗುರಿ ಸರಿಸಬಹುದೆಂದು ಕಲಿಸಿದವಳು ನೀನೇ. ಅದು ನೆನಪಾಗಲಿಲ್ಲ. ನನ್ನ ಗಮನ ಗುರಿಗಿಂತ ಹಿಂದೆ ನಿಂತಿದ್ದ ನಿನ್ನ ಮುಖದ ಮೇಲಿತ್ತು.

ಆಯ್ಕೆ ತಪ್ಪಿತು. ಸಂಜೆಯೇ ಕ್ಲಬ್ಬಿನ ಕಾರ್ಯದರ್ಶಿಗೆ ನಿನ್ನ ಮೇಲೆ ದೂರು ಬರೆದೆ. ವಿಚಾರಣೆಯಲ್ಲಿ ನೀನು ಹೇಳಿದ್ದು ಒಂದೇ ಮಾತು: "ಕೆಡಿಸೋಳು ಎಚ್ಚರಿಸ್ತಾಳಾ?" ಅದನ್ನೂ ನಿನ್ನ ಜಾಣತನವೆಂದೇ ಎಣಿಸಿದೆ. ನಿನ್ನ ಕೆಲಸ ಹೋಯಿತು.

ಮೊನ್ನೆ ಆ ದುರ್ಬೀನನ್ನು ಕ್ಯಾಮೆರಾ ರಿಪೇರಿಯವರ ಬಳಿ ಬಿಚ್ಚಿಸಿದೆ. ನಿನ್ನ ಕೈವಾಡದ ಗುರುತು ಸಿಗಲಿ ಎಂಬ ಆಸೆ, ಸುಳ್ಳು ಹೇಳುವುದಿಲ್ಲ. ಅವರು ಒಳಗಿನ ಸಣ್ಣ ಕೊಳವೆ ತೋರಿಸಿದರು. ಅದನ್ನು ಒಂದು ಕಡೆಯಿಂದ ತಿರುಪು ತಳ್ಳುತ್ತದೆ, ಎದುರಿನಿಂದ ಸ್ಪ್ರಿಂಗ್ ಒತ್ತಿ ಹಿಡಿಯುತ್ತದೆ. ಸ್ಪ್ರಿಂಗ್ ಸೋತಿತ್ತು. ತಿರುಗಿಸಿದರೂ ಕೊಳವೆ ನಿಂತಲ್ಲೇ ನಿಂತು, ಗುಂಡಿನ ಹೊಡೆತಕ್ಕೆ ಅದುರಿದಾಗ ಒಮ್ಮೆಲೇ ಜಿಗಿಯುತ್ತಿತ್ತು. "ಯಾರೋ ಕೊನೆ ಮುಟ್ಟೋವರೆಗೂ ತಿರುಗಿಸಿ ತಿಂಗಳುಗಟ್ಟಲೆ ಹಾಗೇ ಬಿಟ್ಟಿದ್ದಾರೆ" ಅಂದರು.

ಆ ಯಾರೋ ನಾನು. ಪಂದ್ಯಕ್ಕೆ ಮುಂಚಿನ ಬೇಸಿಗೆಯಲ್ಲಿ ದೂರದ ಗುರಿಯ ಅಭ್ಯಾಸಕ್ಕೆಂದು ರೈಫಲ್ಲನ್ನು ನಿನಗೆ ಹೇಳದೆ ಒಯ್ದು ತಿರುಪನ್ನು ಕೊನೆವರೆಗೂ ತಿರುಗಿಸಿಟ್ಟಿದ್ದೆ, ಪಂದ್ಯ ಹತ್ತಿರ ಬಂದಾಗಷ್ಟೇ ಸೊನ್ನೆಗೆ ತಂದಿದ್ದೆ.

ಕಾರ್ಯದರ್ಶಿಗೆ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ನಿನ್ನನ್ನು ಮತ್ತೆ ಕರೆಯುತ್ತಾರಂತೆ. ಬರುವುದು ಬಿಡುವುದು ನಿನ್ನಿಷ್ಟ. ನನ್ನ ಮಾತು ನಂಬಬೇಡ, ಅವರನ್ನೇ ವಿಚಾರಿಸು. ಅನುಮಾನ ಪಡುವ ಸರದಿ ಈಗ ನಿನ್ನದು.

ನೀನು ಎಲ್ಲಿದ್ದರೂ ನೆಮ್ಮದಿಯಾಗಿ ನಿದ್ದೆ ಮಾಡುವಂತಾಗಲಿ.

ತಪ್ಪೊಪ್ಪಿಕೊಂಡು,
ನಿನ್ನ ತಂಗಿ