ಮಕ್ಕಳು ನನ್ನನ್ನೇ ಕುಣಿದರು

ಶನಿವಾರ, ಊಟವಾದ ಮೇಲೆ

ಮುದ್ದಿನ ಪುಟ್ಟಿಗೆ,

ನೀನು ಫೋನು ಮಾಡಿದರೆ ‘ಊಟ ಆಯ್ತಾ, ಮಾತ್ರೆ ತಗೊಂಡ್ಯಾ’ ಎಂದು ಕೇಳಿ ಇಟ್ಟೇಬಿಡುತ್ತೀಯ. ಕಾಗದವನ್ನಾದರೆ ನಡುವೆ ಕಟ್ ಮಾಡಲಾಗದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆ ಶಾಲೆ ಸುತ್ತಿ ಡ್ಯಾನ್ಸ್ ಟೀಚರುಗಳಿಗೆ ತರಬೇತಿ ಕೊಡುವ ನಿನ್ನ ಕೆಲಸವನ್ನು ನೀನು ರಜೆಗೆ ಬಂದಿದ್ದಾಗ, ಡ್ಯಾನ್ಸ್ ಟೀಚರಾದ ನಾನೇ ಹುಡುಗಾಟ ಎಂದೆ. ನೀನು ಮುಖ ಊದಿಸಿಕೊಂಡು ಹೊರಟೆ. ಇರಲಿ, ಈಗ ಕೇಳು.

ಕಳೆದ ವಾರ ನಿಮ್ಮ ಸಂಸ್ಥೆಯ ಗುಂಗುರು ಕೂದಲಿನ ಹುಡುಗಿ ನಮ್ಮ ಶಾಲೆಗೇ ಬಂದಳು. ಹೆಡ್‌ಮಿಸ್ ಬಿಡಲಿಲ್ಲವೆಂದು ನಾನೂ ಹೋಗಿ ಹಾಲಿನ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತೆ. ಆಕೆ ನನ್ನ ಆರನೇ ಕ್ಲಾಸಿನ ಮಕ್ಕಳನ್ನು ಕರೆಸಿ, “ಶಾಲೇಲಿ ದಿನಾ ನೋಡೋದನ್ನ ಮೈಯಲ್ಲೇ ಮಾಡಿ ತೋರಿಸಿ. ಸ್ಟೆಪ್ಪು ಯಾರೂ ಹೇಳಿಕೊಡಲ್ಲ,” ಅಂದಳು. ಇನ್ನು ಕೋತಿ ಕುಣಿತವೇ ಗತಿ ಅಂದುಕೊಂಡೆ.

ಕೆಲವರು ತೊಟ್ಟಿಕ್ಕುವ ನಲ್ಲಿಯಾದರು, ಕೆಲವರು ಕಿರುಗುಟ್ಟುವ ಗೇಟಾದರು. ಕೊನೆಗೆ ಬಂದ ಹುಡುಗಿಯೊಬ್ಬಳು ಬೆರಳಿನಿಂದ ಇಲ್ಲದ ಕನ್ನಡಕ ಮೇಲೆ ತಳ್ಳಿದಳು, ತೊಡೆ ತಟ್ಟಿ ತಾಳ ಹಾಕಿದಳು, ನಿಟ್ಟುಸಿರು ಬಿಟ್ಟು ಗೆಳತಿಯ ಇಳಿದ ಮೊಣಕೈಯನ್ನು ಮೇಲೆತ್ತಿದಳು. ನಾನೇ ಕಣೇ! ಹೆಡ್‌ಮಿಸ್ ಫ್ಯಾನು ನೋಡತೊಡಗಿದರು. ಆ ಹುಡುಗಿಗೆ ನಾನು ಕಂಡಿದ್ದೇ ತಡ, ಕೈ ಮೂಗಿನ ಮೇಲೆಯೇ ಉಳಿದು ಕಣ್ಣು ತುಂಬಿಕೊಂಡಿತು.

ನನಗೆ ಕಿವಿಯವರೆಗೂ ಬಿಸಿಯೇರಿತ್ತು. ಗದರಲೆಂದೇ ಎದ್ದೆ. ಆದರೆ ಅವಳ ಆ ಬೆರಳು ಎಷ್ಟು ಸರಿಯಾಗಿತ್ತೆಂದರೆ, ಬಾಯಿಂದ ಬಂದದ್ದೇ ಬೇರೆ: “ಹುಬ್ಬು ಮರೆತೆಯಲ್ಲೇ! ಕನ್ನಡಕ ತಳ್ಳುವಾಗ ನನ್ನ ಹುಬ್ಬೂ ಮೇಲೆ ಹೋಗತ್ತೆ, ನೋಡು.”

ಮಾಡಿ ತೋರಿಸಿದೆ. ಯಾರೋ ಕಿಸಕ್ಕೆಂದರು. ಅವಳು ಕಣ್ಣೊರೆಸಿಕೊಂಡು, “ಈಗ ಸಿಟ್ಟು ಮಾಡ್ಕೊಳ್ದೆ ಮಾಡಿ ಮಿಸ್,” ಅಂದಳು.

ಸಿಟ್ಟಿಲ್ಲದ ನಾನು ಹೇಗಿರುತ್ತೇನೋ ನನಗೇನು ಗೊತ್ತು? ಕೈಯನ್ನು ಅದರ ಪಾಡಿಗೆ ಬಿಟ್ಟೆ. ಅದು ಮೂಗಿನಿಂದ ಹಣೆಗೆ, ಹಣೆಯಿಂದ ಮೇಲಕ್ಕೆ ಹೋಯಿತು. ಹಿಂದೆಯೇ ಮೈ ಒಂದು ಸುತ್ತು ತಿರುಗಿತು. ಮಂಡಿ ಕಟಕ್ ಎಂದಿತು. ಮಕ್ಕಳು ಅದನ್ನೂ ಬಿಡದೆ ಮಂಡಿ ಕಟಕ್ ಎನ್ನಿಸುತ್ತಾ ಹಿಂದೆಯೇ ತಿರುಗಿದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ ಪುಟ್ಟಿ.

ಈಗ ನನ್ನ ಪೀರಿಯಡ್ಡಿನಲ್ಲಿ ಒಂದೇ ಗಲಾಟೆ. ದೂರು ಹೇಳಲು ಬಂದ ಲೆಕ್ಕದ ಟೀಚರು ಬೆಲ್ಲಾಗುವವರೆಗೂ ನೋಡುತ್ತಾ ಬಾಗಿಲಲ್ಲೇ ನಿಂತಿದ್ದರು. ವಾರ್ಷಿಕೋತ್ಸವದ ಡ್ಯಾನ್ಸನ್ನು ಮಕ್ಕಳೇ ಕಟ್ಟುತ್ತಿದ್ದಾರೆ. ಮೊಣಕೈ ಇಳಿದರೆ ಮಾತ್ರ ಈಗಲೂ ಸುಮ್ಮನಿರುವುದಿಲ್ಲ. ಅದರಲ್ಲಿ ನಿಮ್ಮ ತರಬೇತಿಯ ಮಾತು ನಡೆಯದು.

ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿರುವ
ನಿನ್ನ ಅಮ್ಮ

ತಾ.ಕ.: ‘ನಿಮ್ಮ ಮನೇಲಿರೋರನ್ನೂ ಮಾಡಿ ತೋರಿಸಿ ಮಿಸ್’ ಎಂದು ಮಕ್ಕಳು ಗಂಟುಬಿದ್ದರು. ನೀನು ಹಲ್ಲಲ್ಲಿ ಪಿನ್ನು ಕಚ್ಚಿ, ಕೂದಲು ಕಟ್ಟಿಕೊಳ್ಳುತ್ತಲೇ ಹಿಮ್ಮಡಿಯಿಂದ ಬಾಗಿಲು ಮುಚ್ಚಿ ಓಡುತ್ತೀಯಲ್ಲ, ಅದನ್ನು ಮಾಡಿದೆ. ನಿನ್ನನ್ನು ಇಷ್ಟೊಂದು ನೋಡಿಟ್ಟುಕೊಂಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಅದನ್ನೂ ಡ್ಯಾನ್ಸಿಗೆ ಸೇರಿಸಿದ್ದಾರೆ. ತಕರಾರಿದ್ದರೆ ಫೋನಿನಲ್ಲಿ ಹೇಳುವಂತಿಲ್ಲ, ಖುದ್ದಾಗಿ ಬರಬೇಕು.