ಅಪ್ಪನ ಮೀನಿಗೆ ಸೌತೆಕಾಯಿ

ಲೊಯಿದಾ,

ಅಪ್ಪನ್ನ ಕರ್ಕೊಂಡು ಲಿಮಾದ ಆಸ್ಪತ್ರೆಗೆ ಹೊರಟಿದ್ದೀನಿ. ನಾಳೆ ಆಪರೇಷನ್. ಬೇಕಂತಲೇ ನಿನ್ನ ಎಬ್ಬಿಸಲಿಲ್ಲ, ಎದ್ದಿದ್ರೆ ಅತ್ತು ರಂಪ ಮಾಡ್ತಿದ್ದೆ.

ಮೀನಿನ ಸೌತೆಕಾಯಿ ಫ್ರಿಜ್ಜಲ್ಲಿದೆ. ದಿನಕ್ಕೆ ಒಂದೇ ಬಿಲ್ಲೆ. ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ, ಆರಿಸಿ, ಫೋರ್ಕಿಗೆ ಚುಚ್ಚಿ ತೊಟ್ಟಿಯ ತಳಕ್ಕೆ ಇಳಿಸು. ಉಪ್ಪು ಹಾಕ್ಬೇಡ, ಅದು ನಿನ್ನ ಊಟ ಅಲ್ಲ. ಉಳಿದದ್ದನ್ನ ಸಂಜೆ ತೆಗಿ. ತೆಗಿ ಅಂದ್ರೆ ತೆಗಿ.

ಹೋದ ತಿಂಗಳು ನಾಲ್ಕು ದಿನ ಸೌತೆಕಾಯಿನ ನೀರಲ್ಲೇ ಕೊಳೆಯೋಕೆ ಬಿಟ್ಟು ಕುಣಿಯೋಕೆ ಹೋದೆ. ಹನ್ನೊಂದು ಕರಾಚಾಮ ಮೀನು ಸತ್ತು ತೇಲಿದ್ವು. ಅಪ್ಪ ಒಂದೊಂದನ್ನೇ ಅಂಗೈಲಿ ಎತ್ಕೊಂಡು ಹೋಗಿ ಹಿತ್ತಿಲಲ್ಲಿ ಹೂತ್ರು. ನೀನು "ಸೆಖೆಗೆ ಸತ್ತಿರ್ಬೇಕು" ಅಂದೆ. ನಮ್ಮ ಇಕಿಟೋಸ್‌ನ ಬೇಗೆಯಲ್ಲೇ ಹುಟ್ಟಿದ ಮೀನಿಗೆ ಸೆಖೆಯಂತೆ! ಉಳಿದಿರೋದು ಮೂರೇ ಮೂರು.

ಎಲೆಯಲ್ಲಿ ಕಟ್ಟಿದ ಅನ್ನದ ಜುವಾನೆ ಎರಡಿದೆ, ಬಿಸಿ ಮಾಡ್ಕೊಂಡು ತಿನ್ನು.

ಅಪ್ಪ ಆಗಲೇ ಮೊಟೊಟ್ಯಾಕ್ಸಿ ಹತ್ತಿ ಕೂತಿದ್ದಾರೆ. ಹೊರಡೋ ಮುಂಚೆ ತೊಟ್ಟಿಯ ಗಾಜು ತಟ್ಟಿ, "ಬೇಗ ಬಂದ್ಬಿಡ್ತೀನಿ ಮಕ್ಕಳಾ" ಅಂದ್ರು.

"ಲೊಯಿದಾಗೆ ಏನಾದ್ರೂ ಹೇಳ್ಬೇಕಾ ಅಪ್ಪಾ?" ಅಂತ ಕೇಳ್ದೆ.

ನಿನ್ನ ರೂಮಿನ ಬಾಗಿಲು ನೋಡಿದ್ರು. ಟೋಪಿ ಹಾಕ್ಕೊಂಡು ಹೊರಟುಬಿಟ್ರು.

ನಿನ್ನ ಅಕ್ಕ,
ನೆಲಿತ್